ಹದಿನೆಂಟು ಡಬ್ಬ ಬಿಳಿ

ಮೊದಲು ಮೊಟ್ಟೆ ಬೇಡ ಎಂದಳು. ಆಮೇಲೆ ಹಾಲು. ಮೂರನೆಯ ವಾರದ ಹೊತ್ತಿಗೆ ತಟ್ಟೆ ಕಂಡರೆ ಸಾಕು, ಚಿಣ್ಣಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅಳಲು ಶುರುಮಾಡುತ್ತಿದ್ದಳು.

"ಹಟ ಕಣೇ, ಬರೀ ಹಟ," ಎಂದರು ಅಜ್ಜಿ, ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕುತ್ತ. "ಇವಳಪ್ಪನೂ ನಾಲ್ಕು ವರ್ಷದವನಿದ್ದಾಗ ಹೀಗೇ ಆಡ್ತಿದ್ದ. ತಟ್ಟೆ ಇಟ್ಟ ತಕ್ಷಣ ಹೊಟ್ಟೆನೋವು. ಆಮೇಲೆ ತಾನೇ ಸರಿಹೋಯ್ತು."

"ಎರಡು ದಿನದಲ್ಲಿ ಸರಿಹೋಗತ್ತೆ ಅಂತ ನೀವು ಹೇಳಿ ಹದಿನೈದು ದಿನ ಆಯ್ತು ಅತ್ತೆ. ನಿನ್ನೆ ಎರಡು ಮೆಟ್ಟಿಲು ಹತ್ತಿ ಕೂತುಬಿಟ್ಟಳು. ನನಗೆ ಯಾಕೋ ಭಯ ಆಗ್ತಿದೆ."

"ಈ ಹೊತ್ತಲ್ಲಿ ನೀನು ಭಯ ಪಡಬಾರದು. ಊಟ ಮಾಡು."

ಈ ಹೊತ್ತು ಎಂದರೆ ಸೊಸೆಗೆ ಐದು ತಿಂಗಳು. ಅಜ್ಜಿ ಅವಳಿಗೆ ಬಕೆಟ್ ಎತ್ತಲು ಬಿಡುತ್ತಿರಲಿಲ್ಲ, ಪೊರಕೆ ಮುಟ್ಟಲು ಬಿಡುತ್ತಿರಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಬರುವುದೇ ಹೆಚ್ಚಾಯಿತು, ಮನೆಗೆಲಸ ನನಗಿರಲಿ ಎನ್ನುವುದು ಅವರ ಹಟ. ಅದಕ್ಕೆ ಕಾರಣವಿತ್ತು. ಮಗ ಹುಟ್ಟಿದ ಮೇಲೆ ಅಜ್ಜಿಗೆ ಇನ್ನೆರಡು ಬಸಿರು ನಿಂತಿದ್ದವು. ಒಂದು ಐದು ತಿಂಗಳು ತುಂಬಿದ ಮೇಲೆ ಹೋಯಿತು, ಇನ್ನೊಂದು ಆರರಲ್ಲಿ. "ನನ್ನ ಹೊಟ್ಟೆ ಗಟ್ಟಿ ಇರಲಿಲ್ಲ," ಎಂದು ಅವರು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಯಾರಾದರೂ ಕೇಳಿದರೂ ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು.

ಅಡುಗೆಮನೆಯ ಗೋಡೆಯಾಚೆಯಿಂದ ಸರ್ ಸರ್ ಎಂದು ಸದ್ದು ಬರುತ್ತಲೇ ಇತ್ತು.

"ರೀ, ಊಟ ಆರಿಹೋಗ್ತಿದೆ. ನಿಮ್ಮ ಉಜ್ಜಾಟ ಎಲ್ಲಿಗೂ ಓಡಿಹೋಗಲ್ಲ," ಎಂದು ಅಜ್ಜಿ ಕೂಗಿದರು. ಸದ್ದು ನಿಲ್ಲಲಿಲ್ಲ.

ಉಜ್ಜುತ್ತಿದ್ದವರು ಮೇಷ್ಟ್ರು. ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಮಕ್ಕಳಿಂದ ಸೇಬು, ಹೂಜಿ, ಸೂರ್ಯೋದಯ ಬರೆಸಿ ನಿವೃತ್ತರಾದವರು. ಮನೆಯಲ್ಲಿ ಮಾತ್ರ ಒಂದು ಸೇಬನ್ನೂ ಬರೆದವರಲ್ಲ. ಅವರ ಚಿತ್ರದಲ್ಲಿ ಮನುಷ್ಯನಿಲ್ಲ, ಮರವಿಲ್ಲ, ಮನೆಯಿಲ್ಲ. ಬೀದಿಯವರು ಬಂದು, "ಇದೇನು ಮೇಷ್ಟ್ರೇ?" ಎಂದರೆ, "ಗೋಡೆ," ಎನ್ನುತ್ತಿದ್ದರು. ಬಂದವರು ತಲೆಯಾಡಿಸಿ ಟೀ ಕುಡಿದು ಹೋಗುತ್ತಿದ್ದರು.

ಗೋಡೆ ಎನ್ನುವುದು ತಮಾಷೆಯೇನೂ ಅಲ್ಲ. ಅವರು ಹುಡುಗರಾಗಿದ್ದಾಗ ಮನೆಯವರು ಆರು ಬಾಡಿಗೆ ಮನೆ ಬದಲಾಯಿಸಿದ್ದರು. ಪ್ರತಿ ಮನೆಯಲ್ಲೂ ಮಲಗಿದ ಕಡೆಯ ಗೋಡೆಯನ್ನು ಉಗುರಿನಿಂದ ಕೆರೆಯುವುದು ಅವರ ಚಟ. ಮೇಲಿನ ಹಸಿರು ಉದುರಿದರೆ ಒಳಗೆ ಹಿಂದಿನ ಬಾಡಿಗೆಯವರ ಗುಲಾಬಿ, ಅದರೊಳಗೆ ಅವರ ಹಿಂದಿನವರ ನೀಲಿ. ಬೆನ್ನಿಗೆ ಏಟು ಬಿದ್ದರೂ ಆ ಚಟ ಬಿಡಲಿಲ್ಲ. ಈಗಲೂ ಅವರು ಮಾಡುತ್ತಿದ್ದುದು ಅದನ್ನೇ. ಹಲಗೆಯ ಮೇಲೆ ಒಂದು ಬಣ್ಣ ಬಳಿದು, ಮೇಲೆ ಬಿಳಿ ಬಳಿದು, ಒಣಗಿಸಿ, ಮತ್ತೊಂದು ಬಣ್ಣ, ಮತ್ತೆ ಬಿಳಿ. ಹೀಗೆ ಹನ್ನೆರಡು ಹದಿನೈದು ಪದರ. ಆಮೇಲೆ ಸ್ಯಾಂಡ್‌ಪೇಪರ್ ಹಿಡಿದು ವಾರಗಟ್ಟಲೆ ಉಜ್ಜುವುದು. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಚಿತ್ರ. ಉಜ್ಜಲು ಶುರುಮಾಡಿದ ತಾರೀಕನ್ನು ಹಲಗೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯುವುದನ್ನು ಅವರು ಒಂದು ಸಲವೂ ತಪ್ಪಿಸಿರಲಿಲ್ಲ.

ಬಿಳಿ ಮಾತ್ರ ಒಂದೇ ಬಿಳಿ. ಎಷ್ಟೋ ವರ್ಷದ ಕೆಳಗೆ ಶಾಲೆಯ ಹಿಂದಿದ್ದ ಹಳೆಯ ಬಣ್ಣದಂಗಡಿ ಮುಚ್ಚಿದಾಗ ಮೂಲೆಯಲ್ಲಿ ಬಿದ್ದಿದ್ದ ಹದಿನೆಂಟು ಡಬ್ಬವನ್ನು ಮೇಷ್ಟ್ರು ಕೈಗಾಡಿಯಲ್ಲಿ ತಂದಿದ್ದರು. ಡಬ್ಬಗಳ ಚೀಟಿ ಯಾವಾಗಲೋ ಉದುರಿಹೋಗಿತ್ತು. ಈಗಿನ ಬಿಳಿಯೆಲ್ಲ ಉಜ್ಜಿದರೆ ರಬ್ಬರಿನಂತೆ ಸುರುಳಿಯಾಗಿ ಬರುತ್ತದೆ. ಇದು ಹಿಟ್ಟಿನಂತೆ ಮೆತ್ತಗೆ ಉದುರುತ್ತದೆ ಎಂದು ಅವರಿಗೆ ಅದರ ಮೇಲೆ ಪ್ರಾಣ. ಈಗ ಎರಡೂವರೆ ಡಬ್ಬ ಉಳಿದಿತ್ತು. ಹನ್ನೆರಡು ವರ್ಷದಿಂದ ಯಾರೂ ಅವರ ಚಿತ್ರ ಕೇಳಿರಲಿಲ್ಲ; ಈಗ ಒಂದು ಗ್ಯಾಲರಿಯವರು ಒಂಬತ್ತು ಚಿತ್ರ ಕೇಳಿದ್ದರಿಂದ ಎರಡು ತಿಂಗಳಿನಿಂದ ಬೆಳಗಿನಿಂದ ಸಂಜೆಯವರೆಗೂ ಅದೇ ಸದ್ದು. ಬೆಳಗ್ಗೆ ಅಜ್ಜಿ ಕೋಣೆ ಗುಡಿಸಿ, ಹಾಸಿದ ಬಟ್ಟೆಯನ್ನು ಹಿಂದಿನ ಮೆಟ್ಟಿಲ ಮೇಲೆ ಕೊಡವಿ, ಕೆಮ್ಮುತ್ತ ಒಳಗೆ ಬರುತ್ತಿದ್ದರು. ಪಕ್ಕದ ತಂತಿಯ ಮೇಲೆ ಚಿಣ್ಣಿಯ ಬಟ್ಟೆ ಒಣಗುತ್ತಿರುತ್ತಿತ್ತು.

ಮಾರನೆಯ ದಿನ ಮಗ ಸೊಸೆ ಇಬ್ಬರೂ ರಜೆ ಹಾಕಿ ಚಿಣ್ಣಿಯನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರಮ್ಮ ಒಸಡು ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆಸಿದರು. ನಾಲ್ಕು ದಿನದ ಮೇಲೆ ಮತ್ತೆ ಕರೆಸಿದರು.

"ರಕ್ತದಲ್ಲಿ ಸೀಸ ಇದೆ. ಐದರೊಳಗೆ ಇರಬೇಕಾದದ್ದು ಇಪ್ಪತ್ತೊಂದು ಇದೆ," ಎಂದರು. "ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಬೇಕು. ಮನೇಲಿ ಯಾರ್ಯಾರು ಇದೀರಿ? ಏನೇನು ಕೆಲಸ?"

"ನಾನು ಅಂಚೆ ಕಚೇರಿ," ಎಂದಳು ಸೊಸೆ. "ಇವರಿಗೆ ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಕೆಲಸ. ಅತ್ತೆ ಮನೆಯಲ್ಲೇ ಇರ್ತಾರೆ. ಮಾವ ರಿಟೈರ್ಡ್ ಮೇಷ್ಟ್ರು."

ಡಾಕ್ಟರಮ್ಮನ ಪೆನ್ನು ಬ್ಯಾಟರಿಯ ಹತ್ತಿರ ನಿಂತಿತು. "ಹಳೇ ಬ್ಯಾಟರಿ ಒಡೀತೀರಾ?"

"ದಿನಾ," ಎಂದ ಮಗ.

"ಅದೇ ಬಟ್ಟೇಲಿ ಮನೆಗೆ ಬಂದು ಮಗೂನ ಎತ್ಕೋತೀರಾ?"

ಸೊಸೆ ಗಂಡನ ಕೈಗಳನ್ನೇ ನೋಡಿದಳು. ರಿಟೈರ್ಡ್ ಮೇಷ್ಟ್ರು ಮನೆಯಲ್ಲಿ ಏನು ಮಾಡುತ್ತಾರೆಂದು ಡಾಕ್ಟರಮ್ಮ ಕೇಳಲಿಲ್ಲ. ಇವರಿಬ್ಬರಿಗೂ ಹೇಳಬೇಕೆಂದು ಹೊಳೆಯಲಿಲ್ಲ. ಆ ಮನೆಯಲ್ಲಿ ಮೇಷ್ಟ್ರ ಚಿತ್ರವನ್ನು ಯಾರೂ ಯಾವತ್ತೂ ಕೆಲಸವೆಂದು ಕರೆದಿರಲಿಲ್ಲ.

"ಮಿದುಳು ಬೆಳೆಯೋ ವಯಸ್ಸು. ಹೀಗೇ ಏರ್ತಾ ಹೋದರೆ ಮಾತು, ಓದು, ಬುದ್ಧಿ ಎಲ್ಲಕ್ಕೂ ಪೆಟ್ಟು," ಎಂದರು ಡಾಕ್ಟರಮ್ಮ. ಸೊಸೆಯ ಹೊಟ್ಟೆಯತ್ತ ಒಮ್ಮೆ ನೋಡಿ, "ನೀವೂ ದೂರ ಇರಿ. ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ," ಎಂದರು.

ಮಗ ಅವತ್ತೇ ಒಂದು ಚೀಲ ತುಂಬಿಕೊಂಡು ಅಂಗಡಿಯ ಅಟ್ಟಕ್ಕೆ ಹೋದ. ಸೊಸೆ ಅವನ ಚಪ್ಪಲಿ, ಟವೆಲು, ದಿಂಬು ಎಲ್ಲವನ್ನೂ ಕಸದವನಿಗೆ ಕೊಟ್ಟಳು. ಮಂಚವನ್ನು ಮೂರು ಸಲ ಸೋಪು ನೀರಿನಲ್ಲಿ ಒರೆಸಿದಳು. ಅಜ್ಜಿ ಬೇಡ ಬೇಡವೆಂದು ಬಟ್ಟೆ ಕಸಿದುಕೊಂಡರೆ, "ಬಿಡಿ ಅತ್ತೆ, ಇದು ನಾನೇ ಮಾಡಬೇಕು," ಎಂದು ಮತ್ತೆ ಕಿತ್ತುಕೊಂಡಳು.

ದಿನಾ ಸಂಜೆ ಮಗ ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡು ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದ. ಎರಡೂ ಕೈ ಬೆನ್ನ ಹಿಂದೆ.

"ಅಪ್ಪಾ, ಎತ್ಕೋ."

"ಇವತ್ತು ಬೇಡ ಚಿನ್ನಾ. ಮೊಟ್ಟೆ ತಿಂದ್ಯಾ?"

"ಎತ್ಕೋ ಅಂದ್ರೆ!"

"ಅಪ್ಪನ ಕೈ ಕೊಳೆ ಆಗಿದೆ."

"ತೊಳ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ," ಎಂದು ಅವಳು ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಆಗ ಒಳಗಿನಿಂದ ಸೊಸೆಯ ದನಿ ಬರುತ್ತಿತ್ತು. "ಗೇಟಿನ ಹತ್ರ ಹೋಗಬೇಡ ಅಂತ ಎಷ್ಟು ಸಲ ಹೇಳಲಿ? ಹೋಗು, ತಾತನ ಕೋಣೇಲಿ ಕೂತು ಆಡು ಹೋಗು."

ಹಾಗೆ ಚಿಣ್ಣಿ ತಾತನ ಕೋಣೆಯವಳಾದಳು. ಬೆಳಗ್ಗೆ ಅಮ್ಮ ಕೆಲಸಕ್ಕೆ ಹೊರಟರೆ ಅಲ್ಲಿ ಹೋಗಿ ಕೂತವಳು ಊಟಕ್ಕೂ ಅಲ್ಲಿಂದ ಏಳುತ್ತಿರಲಿಲ್ಲ. ನೆಲದ ಮೇಲೆ ಉದುರಿದ ಬಿಳಿ ಪುಡಿಯಲ್ಲಿ ಬೆರಳಿನಿಂದ ಬೆಕ್ಕು ಬರೆಯುವಳು, ಅಳಿಸುವಳು, ಅಮ್ಮನನ್ನು ಬರೆಯುವಳು. ನಡುವೆ ತಲೆಯೆತ್ತಿ, "ತಾತಾ, ಅಲ್ಲಿ ಹಳದಿ ಬಂತು! ನಿಲ್ಲಿಸು!" ಎಂದು ಕಿರುಚುವಳು. ಮೇಷ್ಟ್ರು ಕೈ ನಿಲ್ಲಿಸುವರು. ಒಂದೊಂದು ಸಲ ಅವಳು ಹೇಳಿದ್ದೇ ಸರಿಯಿರುತ್ತಿತ್ತು. ಅವರ ಚಿತ್ರ ತೆರೆಯುವುದನ್ನು ಇಷ್ಟು ಆಸೆಯಿಂದ ಕಾದು ನೋಡಿದವರು ಅವರ ಇಡೀ ಬದುಕಿನಲ್ಲಿ ಇವಳೊಬ್ಬಳೇ. ಮೇಷ್ಟ್ರು ಹಿಗ್ಗಿಹೋಗಿದ್ದರು ಎನ್ನುವುದನ್ನು ಮುಚ್ಚಿಡುವುದೇನೂ ಬೇಡ.

"ನೋಡಿ, ನಿಮ್ಮ ಹತ್ರ ಇದ್ದರೆ ಮಗು ಅಳೋದೇ ಇಲ್ಲ," ಎಂದರು ಅಜ್ಜಿ ಸಮಾಧಾನದಿಂದ. "ನಾಳೆಯಿಂದ ಊಟಾನೂ ಅಲ್ಲೇ ತಂದುಕೊಡ್ತೀನಿ."

ಎರಡನೆಯ ವಾರದ ಕೊನೆಗೆ ಒಂದು ಮಧ್ಯಾಹ್ನ ಚಿಣ್ಣಿ ಬೆರಳು ಚೀಪುತ್ತ ಹೇಳಿದಳು.

"ತಾತಾ, ಸಕ್ಕರೆ."

"ಅಜ್ಜಿ ಕೊಟ್ಟಳಾ?"

"ಅಲ್ಲ. ಈ ಪುಡಿ. ಸಿಹಿ ಇದೆ, ನೋಡು."

ಅವಳು ಬೆರಳನ್ನು ಮತ್ತೆ ನೆಲಕ್ಕೆ ಒತ್ತಿ ತಾತನ ಬಾಯಿಗೆ ಹಿಡಿದಳು. ಮೇಷ್ಟ್ರು ನಗುತ್ತಲೇ ನಾಲಿಗೆ ತಾಗಿಸಿದರು. ಸಿಹಿಯಿತ್ತು.

ಹದಿನೇಳನೆಯ ವಯಸ್ಸಿನಲ್ಲಿ ಅವರು ಒಬ್ಬ ಬೋರ್ಡು ಬರೆಯುವವನ ಹತ್ತಿರ ಕೆಲಸ ಕಲಿತಿದ್ದರು. ಒಂದು ದಿನ ಬ್ರಷ್ಷನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಗ ಅವನು ಬಂದು ಕೆನ್ನೆಗೆ ಬಾರಿಸಿದ್ದ. "ಉಗುಳು! ಸಿಹಿ ಬಿಳಿ ಅಂದ್ರೆ ಸೀಸ ಕಣೋ!" ಎಂದಿದ್ದ. ನಲವತ್ತೆಂಟಕ್ಕೆ ಅವನ ಎರಡೂ ಮಣಿಕಟ್ಟು ಜೋತುಬಿದ್ದು, ಹೆಂಡತಿ ಚಮಚದಲ್ಲಿ ಉಣಿಸುವಂತಾಗಿತ್ತು. ಮೇಷ್ಟ್ರು ನೋಡಲು ಹೋಗಿದ್ದರು. ಈ ಡಬ್ಬಗಳನ್ನು ಕೊಳ್ಳುವಾಗ ಇದ್ಯಾವುದೂ ನೆನಪಾಗಿರಲಿಲ್ಲ. ಚೀಟಿಯಿಲ್ಲದ ಡಬ್ಬದಲ್ಲಿ ಏನಿದೆಯೆಂದು ಅವರು ಕೇಳಿಯೂ ಇರಲಿಲ್ಲ.

ಚಿಣ್ಣಿಯನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದರು. ಬಾಯಿ ಮುಕ್ಕಳಿಸಿದರು, ಕೈ ತಿಕ್ಕಿದರು, ಅವಳು ನೋವೆಂದು ಕಿರುಚಿದರೂ ಬಿಡದೆ ಉಗುರು ಕತ್ತರಿಸಿದರು. ಕತ್ತರಿ ಹಿಡಿದ ಅವರ ಕೈ ನಡುಗುತ್ತಿತ್ತು. ಆರು ತಿಂಗಳಿನಿಂದ ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದುದು ವಯಸ್ಸಿನಿಂದ ಎಂದುಕೊಂಡಿದ್ದರು. ಆಮೇಲೆ ಕೋಣೆಗೆ ಬೀಗ ಹಾಕಿ, ಬಾಗಿಲಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದರು.

ಹೇಳಬೇಕಾಗಿದ್ದುದು ಒಂದೇ ಒಂದು ಮಾತು. ಅದನ್ನು ಮಾತ್ರ ಹೇಳಲಿಲ್ಲ.

"ಏನ್ರೀ, ಉಜ್ಜಾಟ ನಿಂತುಬಿಡ್ತು?" ಎಂದು ಅಜ್ಜಿ ಕೇಳಿದರು.

"ಕೈ ನೋವು."

"ಬೀಗ ಯಾಕೆ? ಗುಡಿಸಬೇಕಲ್ಲ ನಾನು."

"ಗುಡಿಸಬೇಡ."

"ಇವತ್ತು ಬೇಡ್ವಾ?"

"ಯಾವತ್ತೂ ಬೇಡ ಅಂದೆ!" ಎಂದು ಅವರು ಪೊರಕೆ ಕಿತ್ತುಕೊಂಡರು. ಗಂಡ ಪೊರಕೆ ಹಿಡಿದಿದ್ದನ್ನು ಅಜ್ಜಿ ನೋಡಿದ್ದು ಅದೇ ಮೊದಲು. ಇವರಿಗೆ ಏನೋ ದೊಡ್ಡ ಕಾಯಿಲೆ ಬಂದಿದೆ, ಹೇಳುತ್ತಿಲ್ಲ ಎಂದು ಅವರಿಗೆ ಹೊಸ ಹೆದರಿಕೆ ಹಿಡಿಯಿತು.

ಐದು ದಿನ ಹೀಗೇ ಹೋಯಿತು. ಊಟಕ್ಕೆ ಕೂತಾಗ ಸೊಸೆ ಬ್ಯಾಟರಿ ಅಂಗಡಿಯನ್ನು ಬೈಯುವಳು. ಆ ಕೆಲಸ ಬಿಡಿ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ, ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಎನ್ನುವಳು. ಮೇಷ್ಟ್ರು ಬಾಯಿ ತೆರೆಯುವರು. ಎಲ್ಲರೂ ಅವರತ್ತ ನೋಡುವರು. "ಉಪ್ಪು ಕೊಡಮ್ಮ," ಎನ್ನುವರು. ಸಂಜೆ ಕಿಟಕಿಯ ಪರದೆ ಸರಿಸಿ ಗೇಟಿನ ಹೊರಗೆ ನಿಂತ ಮಗನನ್ನು ನೋಡಿ, ಪರದೆ ಬಿಟ್ಟುಬಿಡುವರು. ಕೋಣೆಯ ಮುಂದೆ ಚಿಣ್ಣಿ ಬಾಗಿಲು ಬಡಿಯುವಳು. "ತಾತಾ, ಬಾಗಿಲು ತೆಗಿ. ನಾನು ಏನು ತಪ್ಪು ಮಾಡಿದೆ?"

ಭಯವೆನ್ನುವುದು ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆಂದು ನೋಡಬೇಕಿದ್ದರೆ ಆ ಐದು ದಿನ ಆ ಮನೆಗೆ ಹೋಗಬೇಕಿತ್ತು. ಮೊಮ್ಮಗಳಿಗೆ ಏನಾಗುವುದೋ ಎನ್ನುವ ಭಯ ಒಂದು ಕಡೆ. ಹೇಳಿದ ಮೇಲೆ ತನ್ನನ್ನು ಯಾರೂ ಮುಖ ಎತ್ತಿ ನೋಡುವುದಿಲ್ಲ ಎನ್ನುವ ಭಯ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತು. ನನಗೆ ಮೇಷ್ಟ್ರ ಮೇಲೆ ಕನಿಕರವಿದೆ, ಆದರೆ ಇದನ್ನು ಹೇಳದೆ ಬಿಡಲಾರೆ.

ಎರಡನೆಯ ಪರೀಕ್ಷೆಯಲ್ಲಿ ಮೂವತ್ತನಾಲ್ಕು ಬಂತು.

ಸೊಸೆ ಆಸ್ಪತ್ರೆಯಿಂದ ಮನೆಗೆ ಬಂದವಳೇ ಅಂಗಡಿಗೆ ಫೋನು ಮಾಡಿ ಗಂಡನನ್ನು ಕರೆಸಿದಳು. ಅವನು ಬರುವಷ್ಟರಲ್ಲಿ ಅವಳ ಬಟ್ಟೆ, ಮಗುವಿನ ಬಟ್ಟೆ ಎಲ್ಲ ಸೂಟ್‌ಕೇಸಿನಲ್ಲಿತ್ತು.

"ನಿಜ ಹೇಳಿ. ನಾನು ಕೆಲಸಕ್ಕೆ ಹೋದಾಗ ಬಂದು ಎತ್ಕೊಂಡಿದ್ರಾ?"

"ಇಲ್ಲ."

"ಮತ್ತೆ ಹೇಗೆ ಏರತ್ತೆ? ಹೇಗೆ ಏರತ್ತೆ ರೀ?"

"ಮೂರು ವಾರದಿಂದ ಅವಳ ಒಂದು ಕೂದಲು ಮುಟ್ಟಿಲ್ಲ ಕಣೇ. ಆಣೆ ಹಾಕಲಾ?"

"ಒಂದೇ ಒಂದ್ಸಲ ಬಂದಿದ್ರೂ ಹೇಳಿಬಿಡೋ," ಎಂದರು ಅಜ್ಜಿ ಮೆಲ್ಲಗೆ. "ಯಾರೂ ಬೈಯಲ್ಲ."

ಮಗ ತಿರುಗಿ ನೋಡಿದ. "ಅಮ್ಮಾ, ನೀನೂನಾ?" ಎಂದ. ಮೂವತ್ತಮೂರು ವರ್ಷದ ಗಂಡಸು ಹೊಸ್ತಿಲಾಚೆ ನಿಂತು ತೋಳಿನಲ್ಲಿ ಮುಖ ಒರೆಸಿಕೊಂಡ.

ಆಗ ಮೇಷ್ಟ್ರು ಎದ್ದರು. ಕೋಣೆಯ ಬೀಗ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಡಬ್ಬ ತಂದು ಬಾಗಿಲ ಹತ್ತಿರ ನೆಲದ ಮೇಲಿಟ್ಟರು.

"ಅವನಲ್ಲ. ಇದು. ಈ ಬಿಳಿಯಲ್ಲಿ ಸೀಸ ಇದೆ. ಮಗು ನನ್ನ ಹತ್ರ ಕೂತು ಅದರ ಪುಡಿ ನೆಕ್ಕಿದೆ."

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಒಲೆ ಆರಿಸಲು ಯಾರೂ ಹೋಗಲಿಲ್ಲ.

"ಯಾವಾಗ ಗೊತ್ತಾಯ್ತು ಅಪ್ಪ?" ಎಂದು ಮಗ ಕೇಳಿದ.

"ಐದು ದಿನ ಆಯ್ತು."

"ಐದು ದಿನ ನಾನು ಗೇಟಿನ ಹತ್ರ ನಿಂತಿದ್ದು ನೋಡಿದ್ರಿ."

"ನೋಡಿದೆ."

"ಪರದೆ ಅಲ್ಲಾಡ್ತಿತ್ತು. ಅಮ್ಮ ಅಂದ್ಕೊಂಡಿದ್ದೆ ನಾನು."

ಅವನು ಮೂರು ವಾರದ ಮೇಲೆ ಮೊದಲ ಸಲ ಒಳಗೆ ಬಂದು ಮಗಳನ್ನು ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಸೂಟ್‌ಕೇಸ್ ಹಿಡಿದ. ಸೊಸೆ ಮಾವನ ಮುಖ ನೋಡಲಿಲ್ಲ. ಅತ್ತೆಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಮೂವರೂ ಅವಳ ತವರಿಗೆ ಹೊರಟುಹೋದರು.

ಮುಂದಿನ ವಾರ ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಮೇಷ್ಟ್ರಿಗೆ ಐವತ್ತೇಳು. ಅಜ್ಜಿಗೆ ಮೂವತ್ತೆಂಟು. ದಿನವೆಲ್ಲ ಸೀಸ ಒಡೆಯುವ ಮಗನಿಗೆ ಹದಿನಾರು. ಸೊಸೆಗೆ ಬರೀ ನಾಲ್ಕು. ಹೊಟ್ಟೆಯಲ್ಲಿರುವುದಕ್ಕೆ ಸದ್ಯಕ್ಕೆ ಭಯವಿಲ್ಲ ಎಂದರು ಡಾಕ್ಟರಮ್ಮ.

"ಆ ಕೋಣೆ ಯಾರು ಗುಡಿಸ್ತಿದ್ರು?"

"ನಾನೇ," ಎಂದರು ಅಜ್ಜಿ. "ಅವಳಿಗೆ ಪೊರಕೆ ಮುಟ್ಟೋಕೆ ಬಿಟ್ಟಿಲ್ಲ."

"ಬಿಡದೇ ಇದ್ದಿದ್ದು ಒಳ್ಳೇದಾಯ್ತು."

"ಬಿಟ್ಟಿದ್ರೆ? ಬಸುರಿಯರಿಗೆ ಇದರಿಂದ ಏನಾಗತ್ತೆ?"

"ತುಂಬಾ ಇದ್ದರೆ ಮಗು ನಿಲ್ಲದೇ ಹೋಗಬಹುದು," ಎಂದರು ಡಾಕ್ಟರಮ್ಮ, ಔಷಧದ ಚೀಟಿ ಬರೆಯುತ್ತ. "ಐದು ಆರು ತಿಂಗಳಾದ ಮೇಲೂ ಹೋಗಬಹುದು."

ಬಸ್ಸಿನಲ್ಲಿ ಮೇಷ್ಟ್ರು ಎರಡು ಸಲ ಮಾತಾಡಿಸಿದರು. ಅಜ್ಜಿ ಕಿಟಕಿಯಾಚೆ ನೋಡುತ್ತಲೇ ಇದ್ದರು. ಇಳಿಯುವಾಗ ಮೇಷ್ಟ್ರು ಕೈ ಕೊಟ್ಟರೆ ಹಿಡಿಯದೆ ಕಂಬಿ ಹಿಡಿದು ಇಳಿದರು.

ಮನೆಗೆ ಬಂದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಸೊಸೆ. ಮಾವನ ಹತ್ತಿರ ಮಾತಾಡುವುದಿಲ್ಲ, ಅತ್ತೆಗೆ ಕೊಡಿ ಎಂದಳು. ಚಿಣ್ಣಿ ಅರ್ಧ ಮೊಟ್ಟೆ ತಿಂದಳಂತೆ. ಅಂಕಿ ಇಪ್ಪತ್ತೊಂಬತ್ತಕ್ಕೆ ಇಳಿದಿದೆಯಂತೆ. ಬುದ್ಧಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಶಾಲೆಗೆ ಸೇರಿ ಓದಲು ಬರೆಯಲು ಶುರುಮಾಡುವವರೆಗೂ ಯಾರೂ ಹೇಳಲಾರರಂತೆ. "ಸರಿ ಮಗಳೇ, ಭಾರ ಎತ್ತಬೇಡ," ಎಂದು ಅಜ್ಜಿ ಫೋನು ಇಟ್ಟರು.

ನಾಳೆ ನಗರಸಭೆಯವರು ಬಂದು ಡಬ್ಬ, ಹಲಗೆ ಎಲ್ಲವನ್ನೂ ಕಟ್ಟಿ ಒಯ್ಯುವವರಿದ್ದರು. ಗ್ಯಾಲರಿಯವರಿಗೆ ಇಲ್ಲ ಎಂದು ಹೇಳಿ ಆಗಿತ್ತು. ಊಟದ ಮೇಜಿನ ಮೇಲಿನ ಗೋಡೆಯಲ್ಲಿ ಮಾತ್ರ ಒಂದು ದೊಡ್ಡ ಚಿತ್ರ ಇನ್ನೂ ಇತ್ತು. ಆ ಬಿಳಿಯಲ್ಲಿ ಮೇಷ್ಟ್ರು ಮಾಡಿದ ಮೊಟ್ಟಮೊದಲನೆಯದು. ಬಿಳಿಯ ನಡುವೆ ಒಂದು ಕಡೆ ಅಂಗೈಯಗಲ ಕೆಂಪು ತೆರೆದಿತ್ತು. ಆ ಮನೆಯವರು ಮೂವತ್ತು ವರ್ಷ ಅದರ ಕೆಳಗೆ ಕೂತು ಉಂಡಿದ್ದರು.

"ಅದನ್ನ ಇಳಿಸಿ," ಎಂದರು ಅಜ್ಜಿ.

"ನಾಳೆ ಅವರೇ ಬಂದು..."

"ಈಗ ಇಳಿಸಿ."

ಮೇಷ್ಟ್ರು ಕುರ್ಚಿ ಹತ್ತಿ, ಚಿತ್ರ ಇಳಿಸಿ ಗೋಡೆಗೆ ಒರಗಿಸಿದರು.

"ಹಿಂದೆ ತಾರೀಕು ಬರೆದಿರ್ತೀರಲ್ಲ. ಓದಿ."

ಅವರು ಹಲಗೆ ತಿರುಗಿಸಿ ಕನ್ನಡಕ ಹಾಕಿಕೊಂಡರು. ಪೆನ್ಸಿಲ್ಲಿನ ಅಕ್ಷರ ಮಾಸಿರಲಿಲ್ಲ. ದಿನ, ತಿಂಗಳು, ವರ್ಷ ಓದಿದರು. ಓದುತ್ತಿದ್ದಂತೆ ಅವರ ದನಿ ಇಳಿಯಿತು.

ಅಜ್ಜಿ ಬೆರಳು ಮಡಚಿ ತಿಂಗಳು ಎಣಿಸಿದರು. ಒಂದು ಸಲ ಎಣಿಸಿ, ಮತ್ತೊಮ್ಮೆ ಎಣಿಸಿದರು.

"ನನಗೆ ಆಗ ನಾಲ್ಕು ತಿಂಗಳು," ಎಂದರು. "ನಿಮ್ಮಮ್ಮ ಹೇಳಿದ್ರು, ಕಾಲು ಸುಮ್ಮನಿಟ್ಟುಕೊಳ್ಳದೇ ಓಡಾಡಿ ಕಳ್ಕೊಂಡಳು ಅಂತ. ನೀವು ಪಕ್ಕದಲ್ಲೇ ಇದ್ರಿ. ಮಗ ಹೊಟ್ಟೆನೋವು ಅಂತ ಹಟ ಹಿಡೀತಿದ್ದಿದ್ದೂ ಆಗಲೇ. ಅವತ್ತು ಒಂದು ಏಟೂ ಹಾಕಿದ್ದೆ ನಾನು."

"ನನಗೆ ಗೊತ್ತಿರಲಿಲ್ಲ ಕಣೇ."

"ಗೊತ್ತಿರಲಿಲ್ಲ ಅಂತ ನನಗೂ ಗೊತ್ತು."

ಅವರು ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡರು.

"ಎರಡನೇದು ಹೋಗಿದ್ದು ಮಾರನೇ ವರ್ಷ. ಆ ವರ್ಷದ್ದೂ ತನ್ನಿ."

ಮೇಷ್ಟ್ರು ನಿಂತಲ್ಲೇ ನಿಂತರು.

"ತನ್ನಿ ಅಂದೆ. ಅದನ್ನೂ ಓದಿ. ಮೂವತ್ತು ವರ್ಷ ನನ್ನ ಹೊಟ್ಟೇನೇ ಬೈಕೊಂಡಿದೀನಿ ನಾನು."

ಮೇಷ್ಟ್ರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೋಣೆಯ ಬೀಗ ತೆಗೆದರು.